ಹಾನಗಲ್ಲು ಸೀಮೆಯ ಮೂಲಾಕರಗಳು: ಒಂದು ವಿಮರ್ಶೆ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಪ್ರದೇಶದ ಜೈನ ಇತಿಹಾಸವನ್ನು ಕುರಿತು ಬರೆದವರು ಹಲವರಿದ್ದಾರೆ. ಅವರಲ್ಲಿ ಹೆಚ್ಚಿನವರು ಸಂಗತಿಗಳನ್ನು ಪಡೆದಿರುವುದು ಜೆ. ಎಫ್. ಫ್ಲೀಟರ ಗ್ರಂಥದಿಂದ, ಇಲ್ಲವೆ ಅದನ್ನು ಅನುಸರಿಸಿದ ಮತ್ತೊಂದು ಗ್ರಂಥದಿಂದ. ಫ್ಲೀಟರಾದರೋ ಮೂಲವನ್ನು ಓದಿ ಬರೆದವರು. ಅವರನ್ನು ಓದಿದವರು ಮೂಲಕ್ಕೆ ಮರಳಲಿಲ್ಲ. ಇದರಿಂದ ಆಗಿರುವ ಹಾನಿ ಅಲ್ಪವಲ್ಲ.

ಶಿಗ್ಗಾಂವಿ ತಾಲೂಕಿನ ಬಂಕಾಪುರವನ್ನೇ ನೋಡಬಹುದು. ಗುಣಭದ್ರಾಚಾರ್ಯರ ಉತ್ತರಪುರಾಣವು ಶಕ 820ರಲ್ಲಿ, ಎಂದರೆ ಕ್ರಿ.ಶ. 898ರಲ್ಲಿ, ಅಲ್ಲಿ ರಚಿತವಾಯಿತೆಂಬ ಮಾತು ಪುಸ್ತಕದಿಂದ ಪುಸ್ತಕಕ್ಕೆ ಹರಿದುಬಂದಿದೆ. ಪ್ರಶಸ್ತಿಯನ್ನು ಓದಿದವರು ಹೀಗೆ ಬರೆಯಲಾರರು. ಅದರಲ್ಲಿ ಎರಡು ಕೈಗಳಿವೆ: ಮೊದಲ ಭಾಗ ಗುಣಭದ್ರರದು, ಮುಂದಿನದು ಅವರ ಶಿಷ್ಯ ಲೋಕಸೇನರದು. ಅಕಾಲವರ್ಷ, ಲೋಕಾದಿತ್ಯರ ಹೆಸರುಗಳೂ ಶಕವರ್ಷವೂ ಬರುವುದು ಎರಡನೆಯದರಲ್ಲಿ. ಆ ವರ್ಷ ಪುರಾಣಕ್ಕೆ ಸಂದ ಪೂಜೆಯದು. ಕೃತಿಯು ಅದಕ್ಕೆ ಮುಂಚೆ ಮುಗಿದಿತ್ತೆಂಬುದಷ್ಟೇ ಇದರಿಂದ ಸಿದ್ಧವಾಗುತ್ತದೆ. ಅದೇ ಊರಿನಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಗಂಗ ಮಾರಸಿಂಹನು ಸಲ್ಲೇಖನ ಕೈಗೊಂಡ ವಿಷಯವನ್ನು ತಿಳಿಸುವ ಕಲ್ಲು ಬಂಕಾಪುರದ್ದಲ್ಲ, ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ್ದು. ಒಂದು ಊರಿನ ಆಕರವು ಆ ಊರಿನಲ್ಲಿಯೇ ಇರಬೇಕೆಂಬ ನಿಯಮವಿಲ್ಲ.

ಹಿರೇಕೆರೂರು ತಾಲೂಕಿನ ಅಬ್ಬಲೂರಿನ ಪ್ರಶ್ನೆ ಇದಕ್ಕಿಂತ ಕಠಿನವಾದುದು. ಏಕಾಂತದ ರಾಮಯ್ಯನು ಶಿರಸ್ಸನ್ನು ಅರಿದುಕೊಂಡು ಮರಳಿ ಪಡೆದನೆಂದೂ ಜಿನಬಿಂಬವನ್ನು ಒಡೆದನೆಂದೂ ಸೋಮೇಶ್ವರ ದೇವಾಲಯದ ಶಾಸನ ಹೇಳುತ್ತದೆ. ಫ್ಲೀಟರು ಇದನ್ನು ಎಪಿಗ್ರಾಫಿಯಾ ಇಂಡಿಕಾದ 5ನೆಯ ಸಂಪುಟದಲ್ಲಿ ಸಂಪಾದಿಸಿದ್ದಾರೆ. ಜೈನ ಲೇಖಕರಲ್ಲಿ ಕೆಲವರು ಇದನ್ನು ಕಟ್ಟುಕತೆಯೆಂದು ತಳ್ಳಿಹಾಕಿದರೆ, ಕೆಲವರು ಮತದ್ವೇಷಕ್ಕೆ ಸಾಕ್ಷಿಯೆಂದು ಇಡಿಯಾಗಿ ಸ್ವೀಕರಿಸಿದ್ದಾರೆ. ಇಬ್ಬರೂ ಓದಿರುವುದು ಸಾರಾಂಶವನ್ನು. ಶಾಸನಕ್ಕೆ ತೇದಿಯಿಲ್ಲ. ಬಿಜ್ಜಳನ ದತ್ತಿಯೊಡನೆ ನಾಲ್ಕನೆಯ ಸೋಮೇಶ್ವರನ ಹಾಗೂ ಹಾನಗಲ್ಲಿನ ಕದಂಬ ಕಾಮದೇವನ ದತ್ತಿಗಳೂ ಅದರಲ್ಲಿರುವುದರಿಂದ ಅದು ಸುಮಾರು 1200ರ ಬರಹ. ಬಿಜ್ಜಳನು ಗತಿಸಿ ಒಂದು ತಲೆಮಾರು ಕಳೆದ ಮೇಲಿನದು. ಬರೆಸಿದವರು ದತ್ತಿ ಪಡೆದ ದೇವಾಲಯದವರು. ದತ್ತಿಗಳ ಮಟ್ಟಿಗೆ ಅದು ಪ್ರಥಮ ದರ್ಜೆಯ ದಾಖಲೆ. ವಾದದ ಮಟ್ಟಿಗೆ ಗೆದ್ದವರ ಹೇಳಿಕೆ. ಒಂದೇ ಕಲ್ಲಿಗೆ ಎರಡು ತೂಕ ಸಲ್ಲುತ್ತದೆ.

ಇನ್ನೊಂದು ಸಂಗತಿ ಹಸ್ತಪ್ರತಿ ವಿದ್ವಾಂಸರ ಗಮನಕ್ಕೆ ವಿಶೇಷವಾಗಿ ಅರ್ಹವಾದುದು. ಜೈನರು ಪಣವಾಗಿ ಕೊಟ್ಟ ಓಲೆ, ಬಿಜ್ಜಳನು ಕೊಟ್ಟ ಜಯಪತ್ರ, ಹೀಗೆ ಎರಡು ಬರಹಗಳನ್ನು ಶಾಸನವೇ ಹೆಸರಿಸುತ್ತದೆ. ಎರಡೂ ಉಳಿದಿಲ್ಲ. ಉಳಿದಿದ್ದರೆ ಅವೇ ಮೂಲ, ಕಲ್ಲು ಎರಡನೆಯದು. ಎದುರುಪಕ್ಷದ ಸಾಕ್ಷ್ಯವೆಂದು ಧರಣಿಪಂಡಿತನ ಬಿಜ್ಜಳರಾಯಚರಿತೆಯನ್ನು ಮುಂದಿಡುವುದುಂಟು. ಅದು ಹದಿನೇಳನೆಯ ಶತಮಾನದ ಕೃತಿ. ಆ ಕಾಲದ ಜೈನರು ಬಿಜ್ಜಳನನ್ನು ಹೇಗೆ ನೆನೆಯುತ್ತಿದ್ದರೆಂಬುದಕ್ಕೆ ಪ್ರಮಾಣವೇ ಹೊರತು ಹನ್ನೆರಡನೆಯ ಶತಮಾನಕ್ಕೆ ಅಲ್ಲ. ಸ್ವಪಕ್ಷದ ಗ್ರಂಥವೆಂದು ಅದಕ್ಕೆ ರಿಯಾಯಿತಿ ಕೊಡುವುದು ಶಾಸ್ತ್ರಸಮ್ಮತವಲ್ಲ.

ಸಮಕಾಲೀನ ಜೈನ ಸಾಕ್ಷ್ಯ ಬೇಕಾದವರು ನೆರೆಯ ಜಿಲ್ಲೆಗೆ ದಾಟಬೇಕು. ಅಬ್ಬಲೂರು ಅಂದು ನಾಗರಖಂಡ-70ಕ್ಕೆ ಸೇರಿತ್ತು. ಆ ನಾಡಿನ ಜೈನತೀರ್ಥವಾದ ಬಂದಣಿಕೆ ಇಂದು ಶಿಕಾರಿಪುರ ತಾಲೂಕಿನಲ್ಲಿದೆ. ಅದರ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕಾದ 7ನೆಯ ಸಂಪುಟದಲ್ಲಿವೆ. ಮುಂಬಯಿ ಪ್ರಾಂತ, ಮೈಸೂರು ಸಂಸ್ಥಾನಗಳ ಹಳೆಯ ಗಡಿ ಒಂದೇ ನಾಡಿನ ಕಲ್ಲುಗಳನ್ನು ಎರಡು ಗ್ರಂಥಮಾಲೆಗಳಿಗೆ ಹಂಚಿಬಿಟ್ಟಿತು. ಹಾನಗಲ್ಲನ್ನು ಸೂಚಿಗಳಲ್ಲಿ ಹುಡುಕುವವರು ‘ಪಾನುಂಗಲ್’ ಎಂಬ ರೂಪವನ್ನೂ ನೋಡತಕ್ಕದ್ದು.

ಸವಣೂರಿನ ದಾರಿ ಬೇರೆ. ನವಾಬರ ಕಾಲದ ಆಕರಗಳು ಫಾರಸಿ ಮತ್ತು ಮೋಡಿ ಬರಹದವು. ಬಾಳಾಜಿ ಬಾಜೀರಾಯನು 1756ರಲ್ಲಿ ಹಾಕಿದ ಮುತ್ತಿಗೆಯನ್ನು ಅರಿಯಬಯಸುವವರು ಪುಣೆಯ ಪೇಶ್ವೆ ದಫ್ತರಕ್ಕೆ ಹೋಗಬೇಕಾಗುತ್ತದೆ. ಮೋಡಿ ಓದಬಲ್ಲ ಕನ್ನಡ ಪಂಡಿತರು ಈಗ ವಿರಳ.

ಇನ್ನು ಓಲೆಗರಿಗಳು. ಬಸದಿಗಳಲ್ಲಿಯೂ ಶ್ರಾವಕರ ಮನೆಗಳಲ್ಲಿಯೂ ಇರುವ ಕಟ್ಟುಗಳನ್ನು ಪಟ್ಟಿಮಾಡುವಾಗ ಗ್ರಂಥನಾಮ, ಕರ್ತೃ, ಗರಿಗಳ ಸಂಖ್ಯೆ ಇಷ್ಟಕ್ಕೇ ನಿಲ್ಲುವುದು ರೂಢಿ. ಪ್ರತಿಕಾರನ ಊರು, ಬರೆಸಿದ ಶ್ರಾವಿಕೆಯ ಹೆಸರು, ಸಂವತ್ಸರ, ತಿಥಿ ಇವೆಲ್ಲ ಸಾಮಾನ್ಯವಾಗಿ ಇರುವುದು ಕೊನೆಯ ಗರಿಯಲ್ಲಿ. ಅದನ್ನು ಯಥಾವತ್ತಾಗಿ ನಕಲುಮಾಡದ ಪಟ್ಟಿಯಿಂದ ಸಾಹಿತ್ಯಚರಿತ್ರಕಾರನಿಗೆ ಪ್ರಯೋಜನವಾದೀತು, ಊರಿನ ಇತಿಹಾಸಕಾರನಿಗೆ ಆಗದು.