ಸೂಚೀನೋಟಗಳ ಮಂದಗತಿ

ಡೇಟಾಬೇಸು ತನ್ನನ್ನು ಕುರಿತು ತಾನೇ ಇಟ್ಟುಕೊಳ್ಳುವ ವಿವರಗಳಿಗೆ ಸಿಸ್ಟಂ ಕ್ಯಾಟಲಾಗ್ ಎಂದು ಹೆಸರು. ಯಾವ ಕೋಷ್ಟಕಗಳಿವೆ, ಅವುಗಳಲ್ಲಿ ಯಾವ ಅಂಕಣಗಳಿವೆ, ಯಾರಿಗೆ ಯಾವುದರ ಮೇಲೆ ಅಧಿಕಾರವಿದೆ ಎಂಬುದೆಲ್ಲವೂ ಅದರಲ್ಲಿ ಅಡಕವಾಗಿರುತ್ತದೆ. ಈ ವಿವರಗಳನ್ನು ಕೋಷ್ಟಕದ ರೂಪದಲ್ಲಿ ತೋರಿಸುವ ಏರ್ಪಾಡನ್ನು ಇಲ್ಲಿ 'ಸೂಚೀನೋಟ' ಎಂದು ಕರೆಯೋಣ. ಕೋಟಿ ಸಾಲುಗಳ ನಡುವಿನಿಂದ ಒಂದು ಸಾಲನ್ನು ಕ್ಷಣಾರ್ಧದಲ್ಲಿ ಹೆಕ್ಕಿಕೊಡುವ ವ್ಯವಸ್ಥೆಯು, ತನ್ನಲ್ಲಿರುವ ಕೋಷ್ಟಕಗಳ ವಿವರವನ್ನು ಕೇಳಿದಾಗ ನಿಮಿಷಗಟ್ಟಲೆ ತಡವರಿಸುವುದುಂಟು. ಇದನ್ನು ಯಂತ್ರದ ಅಶಕ್ತಿಯೆಂದು ಭಾವಿಸುವುದು ತಪ್ಪು. ಸೂಚೀನೋಟವು ತೊಟ್ಟಿರುವ ವೇಷಕ್ಕೂ ಅದರ ಒಳಗಿನ ಸ್ವರೂಪಕ್ಕೂ ಇರುವ ಅಂತರದಲ್ಲಿಯೇ ಈ ವಿಳಂಬದ ಮೂಲವಿದೆ.

ಈ ವೇಷಕ್ಕೆ ಒಂದು ಉದಾತ್ತವಾದ ಹಿನ್ನೆಲೆಯುಂಟು. 1970ರಲ್ಲಿ ಸಂಬಂಧಾತ್ಮಕ ಮಾದರಿಯನ್ನು ಪ್ರತಿಪಾದಿಸಿದ ಇ. ಎಫ್. ಕಾಡ್ ಅವರು 1985ರಲ್ಲಿ ಪ್ರಕಟಿಸಿದ ನಿಯಮಗಳಲ್ಲಿ ನಾಲ್ಕನೆಯದು, ಡೇಟಾಬೇಸಿನ ವಿವರಣೆಯೂ ಸಾಮಾನ್ಯ ದತ್ತಾಂಶದಂತೆಯೇ ಇದ್ದು ಅದೇ ಭಾಷೆಯಲ್ಲಿ ಪ್ರಶ್ನಿಸಲು ದೊರೆಯಬೇಕೆಂದು ವಿಧಿಸುತ್ತದೆ. 1992ರ ಎಸ್‌ಕ್ಯೂಎಲ್ ಮಾನಕವು 'ಇನ್ಫರ್ಮೇಷನ್ ಸ್ಕೀಮಾ' ಎಂಬ ಹೆಸರಿನಿಂದ ಇಂತಹ ನೋಟಗಳನ್ನು ನಿರ್ದೇಶಿಸಿತು. ಆದರೆ ನಿಯಮವು ಹೇಳಿದ್ದು ತೋರಿಕೆಯನ್ನು ಮತ್ತು ಭಾಷೆಯನ್ನು ಕುರಿತು. ಸಂಗ್ರಹದ ಬಗೆಯನ್ನು ಕುರಿತಲ್ಲ. ನಿರ್ಮಾಪಕರಲ್ಲಿ ಕೆಲವರು ಅಕ್ಷರಾರ್ಥವನ್ನಷ್ಟೇ ಪಾಲಿಸಿದರು.

ಮೈಎಸ್‌ಕ್ಯೂಎಲ್ ಇದಕ್ಕೆ ಸ್ಪಷ್ಟವಾದ ನಿದರ್ಶನ. ಅದರ 5.0ನೆಯ ಆವೃತ್ತಿಯಲ್ಲಿ ಬಂದ ಸೂಚೀನೋಟಗಳ ಹಿಂದೆ ಕೋಷ್ಟಕವೆಂಬುದೇ ಇರಲಿಲ್ಲ. ಪ್ರತಿಯೊಂದು ಕೋಷ್ಟಕದ ಲಕ್ಷಣವೂ ಡಿಸ್ಕಿನ ಮೇಲೆ ತನ್ನದೇ ಆದ ಒಂದು ಕಡತದಲ್ಲಿ ಬರೆಯಲ್ಪಟ್ಟಿರುತ್ತಿತ್ತು. ಪ್ರಶ್ನೆ ಬಂದೊಡನೆ ವ್ಯವಸ್ಥೆಯು ಒಂದು ತಾತ್ಕಾಲಿಕ ಕೋಷ್ಟಕವನ್ನು ಕಟ್ಟಿ, ಕಡತಕೋಶಗಳನ್ನೆಲ್ಲ ಸುತ್ತಿ, ಕಡತಗಳನ್ನು ತೆರೆದು ಓದಿ ಅದನ್ನು ತುಂಬುತ್ತಿತ್ತು. ಗ್ರಂಥಾಲಯದಲ್ಲಿ ಸೂಚಿಯನ್ನು ಕೇಳಿದವನಿಗಾಗಿ ಪರಿಚಾರಕನು ಪ್ರತಿಸಲವೂ ಕಪಾಟುಗಳನ್ನು ತೆರೆದು, ಪುಸ್ತಕಗಳ ಮುಖಪುಟವನ್ನು ನೋಡಿ ಹೊಸದಾಗಿ ಪಟ್ಟಿ ಬರೆದುಕೊಟ್ಟಂತೆ! ಹೆಸರುಗಳನ್ನು ಮಾತ್ರ ಕೇಳಿದರೆ ಕೋಶವನ್ನು ಓದಿದರೆ ಸಾಕು. ಅಂಕಣಗಳನ್ನು ಕೇಳಿದರೆ ಲಕ್ಷಣದ ಕಡತವನ್ನು ತೆರೆಯಬೇಕು. ಸಾಲುಗಳ ಸಂಖ್ಯೆಯನ್ನು ಕೇಳಿದರೆ ಇಡೀ ಕೋಷ್ಟಕವನ್ನೇ ತೆರೆಯಬೇಕು. ಹೀಗೆ ಆಯ್ದ ಅಂಕಣವೊಂದರ ಮೇಲೆ ಶ್ರಮವು ಹಲವು ಮಡಿ ಏರುತ್ತಿದ್ದರೂ ನೋಟದ ಹೊರರೂಪದಲ್ಲಿ ಅದರ ಸುಳಿವೇ ಇರಲಿಲ್ಲ. ಡೇಟಾಬೇಸಿನ ಮತ್ತು ಕೋಷ್ಟಕದ ಹೆಸರುಗಳನ್ನು ಸ್ಥಿರಮೌಲ್ಯವಾಗಿ ಕೊಟ್ಟಾಗ ಹುಡುಕಾಟವನ್ನು ತಪ್ಪಿಸುವ ಉಪಾಯವನ್ನು 5.1ರ ಕಾಲದಲ್ಲಿ ಸೇರಿಸಲಾಯಿತು. ಆ ಹೆಸರು ಇನ್ನೊಂದು ಕೋಷ್ಟಕದ ಜೋಡಣೆಯಿಂದ ಬಂದುದಾದರೆ ಮತ್ತೆ ಆದಿಯಿಂದ ಅಂತ್ಯದವರೆಗೆ ಸುತ್ತಾಟವೇ ಗತಿ.

ಇದಕ್ಕಿಂತಲೂ ಆಕ್ಷೇಪಣೀಯವಾದ ಸಂಗತಿ ಇನ್ನೊಂದಿದೆ. ಇನ್ನೊಡಿಬಿ ಕೋಷ್ಟಕಗಳ ವಿಷಯದಲ್ಲಿ, ಕೆಲವು ಸೂಚೀನೋಟಗಳನ್ನು ಓದಿದೊಡನೆ ಅಂಕಿ ಅಂಶಗಳನ್ನು ಮತ್ತೆ ಎಣಿಸುವ ಕ್ರಮವಿತ್ತು. 5.6ನೆಯ ಆವೃತ್ತಿಯವರೆಗೆ ಇದೇ ರೂಢಿಯ ಸ್ಥಿತಿಯಾಗಿತ್ತು. ಕೇವಲ ನೋಡುವ ಕ್ರಿಯೆಯು ನೋಡಲ್ಪಡುವ ವಸ್ತುವನ್ನು ಕದಲಿಸುತ್ತಿತ್ತು. ಎಣಿಕೆ ಬದಲಾದರೆ ಬಳಕೆದಾರರ ಇತರ ಪ್ರಶ್ನೆಗಳ ಯೋಜನೆಯೂ ಬದಲಾಗಬಹುದಾಗಿತ್ತು. ಓದುವ ನೋಟಕ್ಕೆ ಇಂತಹ ಪರಿಣಾಮವನ್ನು ಅಂಟಿಸಿದ್ದು ವಿವೇಕವಲ್ಲ.

ಒರಾಕಲ್‌ನ ದೋಷ ಬೇರೆ ಬಗೆಯದು. ಅಲ್ಲಿಯ ಹಲವು ನೋಟಗಳ ತಳದಲ್ಲಿರುವ 'ಎಕ್ಸ್-ಡಾಲರ್' ಕೋಷ್ಟಕಗಳು ವಾಸ್ತವವಾಗಿ ಸ್ಮೃತಿಯಲ್ಲಿರುವ ರಚನೆಗಳು. ಪ್ರಶ್ನೆಗೆ ದಾರಿಯನ್ನು ಯೋಜಿಸುವ ಆಪ್ಟಿಮೈಸರು ಸಾಲುಗಳ ಅಂದಾಜನ್ನು ನಂಬಿ ನಡೆಯತಕ್ಕದ್ದು. ಇಲ್ಲಿ ಆ ಅಂದಾಜನ್ನು ಪ್ರತ್ಯೇಕವಾಗಿ ಸಂಗ್ರಹಿಸದಿದ್ದರೆ ಊಹೆಯೊಂದೇ ಆಧಾರ; ಹತ್ತಾರು ರಚನೆಗಳನ್ನು ಜೋಡಿಸುವ ನೋಟದಲ್ಲಿ ಒಂದು ಊಹೆ ತಪ್ಪಿದರೆ ಜೋಡಣೆಯ ಕ್ರಮವೆಲ್ಲ ತಪ್ಪುತ್ತದೆ. ಡಿಬಿಎ ಎಕ್ಸ್‌ಟೆಂಟ್ಸ್ ಎಂಬ ನೋಟದ ಕಥೆ ಇನ್ನೂ ಸ್ವಾರಸ್ಯವಾದದ್ದು. ಜಾಗದ ಹಂಚಿಕೆಯ ಲೆಕ್ಕವನ್ನು ಕೇಂದ್ರದ ಕೋಷ್ಟಕಗಳಿಂದ ತೆಗೆದು ಆಯಾ ಟೇಬಲ್‌ಸ್ಪೇಸಿನ ಕಡತಗಳಿಗೇ ಒಪ್ಪಿಸಿದ ಸುಧಾರಣೆಯಿಂದ ಹಂಚಿಕೆಯ ಕೆಲಸ ಹಗುರವಾಯಿತು. ಆದರೆ ಒಟ್ಟು ಲೆಕ್ಕವನ್ನು ಕೇಳಿದವನಿಗಾಗಿ ಪ್ರತಿ ಸೆಗ್ಮೆಂಟಿನ ತಲೆಬರಹವನ್ನೂ ಓದಬೇಕಾಯಿತು.

ಪೋಸ್ಟ್‌ಗ್ರೆಸ್‌ನ ವಿಷಯದಲ್ಲಿ ನಮ್ಮ ಟೀಕೆ ಮೃದುವಾಗಬೇಕು. ಅದರ ಕ್ಯಾಟಲಾಗು ನಿಜವಾದ ಕೋಷ್ಟಕಗಳೇ. ಅವುಗಳಿಗೆ ಇಂಡೆಕ್ಸುಗಳೂ ಇವೆ. ತಾತ್ಕಾಲಿಕ ಕೋಷ್ಟಕಗಳನ್ನು ಸದಾ ಕಟ್ಟಿ ಕೆಡವುವ ಕಡೆ ಅವು ಸತ್ತ ಸಾಲುಗಳಿಂದ ಉಬ್ಬುವುದುಂಟು, ಅಷ್ಟೆ. ಅವುಗಳ ಮೇಲೆ ಹೊದಿಸಿದ ಮಾನಕದ ನೋಟಗಳು ಮಾತ್ರ ಭಾರವಾದವು. ಬಳಕೆದಾರನಿಗೆ ಅಧಿಕಾರವಿರುವ ವಸ್ತುಗಳನ್ನಷ್ಟೇ ತೋರಿಸಬೇಕೆಂಬ ಕಟ್ಟಳೆಯಿಂದಾಗಿ ಅಧಿಕಾರದ ಪರೀಕ್ಷೆ ಸಾಲುಸಾಲಿಗೂ ನಡೆಯಬೇಕಾಗುತ್ತದೆ.

ಮೈಎಸ್‌ಕ್ಯೂಎಲ್ 2018ರಲ್ಲಿ ಹೊರಬಂದ ತನ್ನ 8.0ನೆಯ ಆವೃತ್ತಿಯಲ್ಲಿ ಚದುರಿದ ಕಡತಗಳನ್ನು ಬಿಟ್ಟು, ವಿವರಗಳನ್ನು ಇನ್ನೊಡಿಬಿಯ ಕೋಷ್ಟಕಗಳಲ್ಲಿಯೇ ಇರಿಸಿತು; ಸೂಚೀನೋಟಗಳು ಅವುಗಳ ಮೇಲಿನ ನಿಜವಾದ ನೋಟಗಳಾದವು. ಇದು ಸರಿಯಾದ ಹೆಜ್ಜೆ. ಆದರೂ ಸಾಲುಗಳ ಸಂಖ್ಯೆಯಂತಹ ಅಂಕಿಗಳನ್ನು ಅದು ಕೂಡಿಟ್ಟ ಪ್ರತಿಯಿಂದ ಕೊಡುತ್ತದೆ. ಆ ಪ್ರತಿಯ ಆಯುಷ್ಯ, ಬದಲಿಸದಿದ್ದರೆ, 86,400 ಸೆಕೆಂಡು, ಎಂದರೆ ಪೂರ್ತಿ ಒಂದು ದಿನ. ವೇಗವು ಹೀಗೆ ಹಳತಾದ ಉತ್ತರದ ಬೆಲೆಗೆ ದೊರೆತಿದೆ. ಈ ವಿನಿಮಯವನ್ನು ನಾವು ಒಪ್ಪಬಹುದು; ಆದರೆ ಉತ್ತರದ ಪಕ್ಕದಲ್ಲಿ ಅದು ಯಾವ ಹೊತ್ತಿನ ಲೆಕ್ಕವೆಂಬುದನ್ನು ನಮೂದಿಸುವ ಅಂಕಣವೊಂದು ಆ ನೋಟದಲ್ಲಿರಬೇಕಾಗಿತ್ತು.