ಸುಲ್ತಾನರ ಮನೆಯ ಕಾಗದಗಳು

ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆ ಹಿಪ್ಪುನೇರಳೆ ತೋಟವಾಗಲಿ ಹುಳು ಸಾಕುವ ಮನೆಯಾಗಲಿ ಯಾರಿಗೂ ಹೊಸತಲ್ಲ. ಈ ಕಸುಬಿನ ಬೇರಿನಲ್ಲಿ ಒಂದು ಪತ್ರವಿದೆ. 1786ರಲ್ಲಿ ಟಿಪ್ಪು ಸುಲ್ತಾನರು ಶ್ರೀರಂಗಪಟ್ಟಣದ ಕಿಲ್ಲೇದಾರ ಸೈಯದ್ ಮುಹಮ್ಮದರಿಗೆ ಬರೆದದ್ದು. ರೇಷ್ಮೆಹುಳು ತರಲು ಬಂಗಾಳಕ್ಕೆ ಹೋಗಿದ್ದ ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಹಿಂತಿರುಗುತ್ತಿದ್ದಾರೆ, ಹುಳುಗಳನ್ನು ಎಂಥ ಜಾಗದಲ್ಲಿ ಇಡಬೇಕೆಂದು ಅವರಿಂದಲೇ ತಿಳಿದುಕೊಂಡು ಏರ್ಪಾಡು ಮಾಡಿ ಎಂಬುದು ಅದರ ಸಾರ. ಆ ಇಬ್ಬರ ಹೆಸರುಗಳನ್ನು ಒಟ್ಟಿಗೆ ಓದುವಾಗ ನಮಗೆ ಖುಷಿಯಾಗುತ್ತದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಆದರೆ ಈ ಪತ್ರ ನಮ್ಮ ಕೈಗೆ ಬಂದದ್ದು ಯಾರ ಮೂಲಕ? 1799ರ ಮೇ 4ರಂದು ಪಟ್ಟಣ ಬಿತ್ತು. ಅರಮನೆಯ ಗ್ರಂಥಗಳೂ ಕಾಗದಗಳೂ ಗೆದ್ದವರ ಪಾಲಾದವು. ಕಂಪೆನಿಯ ಸೇನಾಧಿಕಾರಿ ವಿಲಿಯಂ ಕಿರ್ಕ್‌ಪ್ಯಾಟ್ರಿಕ್ ಅವುಗಳಲ್ಲಿ ಕೆಲವು ಪತ್ರಗಳನ್ನು ಆಯ್ದು, ಇಂಗ್ಲಿಷಿಗೆ ತಿರುಗಿಸಿ, 1811ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದರು. ಈ ಪತ್ರಗಳಲ್ಲಿ ಕ್ರೂರಿಯೂ ಮತಾಂಧನೂ ಆದ ದೊರೆ ತನ್ನ ಚಿತ್ರವನ್ನು ತಾನೇ ಬರೆದುಕೊಂಡಿದ್ದಾನೆಂಬ ತೀರ್ಪು ಮುನ್ನುಡಿಯಲ್ಲೇ ಇದೆ. ತೀರ್ಪು ಮೊದಲು, ಸಾಕ್ಷಿ ಆಮೇಲೆ! ಟಿಪ್ಪು ತಮ್ಮ ಕೈಯಾರೆ ಕನಸುಗಳನ್ನು ಬರೆದಿಟ್ಟ ಪುಸ್ತಕವನ್ನೂ ಬಿಡದೆ ಲಂಡನ್ನಿಗೆ ಸಾಗಿಸಲಾಯಿತು.

ಗೆದ್ದವರ ಕೈಗೆ ಸಿಗದ ಕಾಗದಗಳೂ ಇದ್ದವು. ಪತ್ರ ಉಳಿಯುವುದು ಬರೆದವರ ಮನೆಯಲ್ಲಲ್ಲ, ತಲುಪಿದವರ ಮನೆಯಲ್ಲಿ. ಶೃಂಗೇರಿ ಮಠದಲ್ಲಿ ಟಿಪ್ಪುವಿನ ಸುಮಾರು 30 ಪತ್ರಗಳು ಪ್ರಾಚ್ಯವಸ್ತು ಇಲಾಖೆಯ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದದ್ದು 1916ರಲ್ಲಿ. ಅವು ಕನ್ನಡದಲ್ಲಿದ್ದವು. 1791ರಲ್ಲಿ ಮರಾಠಾ ಸವಾರರು ಮಠವನ್ನು ಲೂಟಿ ಮಾಡಿದ ಮೇಲೆ ಸ್ವಾಮಿಗಳಿಗೆ ಬರೆದ ಪತ್ರಗಳು ಅವುಗಳಲ್ಲಿ ಮುಖ್ಯ. ಕಿರ್ಕ್‌ಪ್ಯಾಟ್ರಿಕ್‌ರ ಪುಸ್ತಕವೊಂದೇ ನಮಗೆ ಉಳಿದಿದ್ದರೆ ಈ ದನಿ ಕೇಳಿಸುತ್ತಲೇ ಇರಲಿಲ್ಲ.

ಇಲ್ಲಿ ನಾವು ನಮ್ಮವರನ್ನೂ ಒಂದು ಮಾತು ಕೇಳಬೇಕು. 2015ರಲ್ಲಿ ಸರಕಾರಿ ಟಿಪ್ಪು ಜಯಂತಿ ಶುರುವಾಗಿ 2019ರಲ್ಲಿ ರದ್ದಾಯಿತು. ಆ ಗದ್ದಲದಲ್ಲಿ ಒಂದು ಕಡೆಯವರು ಕೊಡಗಿನ ದಂಡಯಾತ್ರೆಯ ಕಠೋರ ಪತ್ರಗಳನ್ನು ಹಿಡಿದು ಬಂದರೆ, ನಾವು ಶೃಂಗೇರಿಯ ಪತ್ರಗಳನ್ನು ಸನ್ನಡತೆಯ ಸರ್ಟಿಫಿಕೇಟಿನಂತೆ ಎತ್ತಿ ತೋರಿಸಿದೆವು. ನಮಗೆ ಬೇಕಾದದ್ದನ್ನಷ್ಟೇ ಆಯ್ದರೆ ನಾವೂ ಕಿರ್ಕ್‌ಪ್ಯಾಟ್ರಿಕ್‌ರ ಶಿಷ್ಯರೇ. ಕೊಡಗಿನ ಪತ್ರ ಹೊರಟ ದರ್ಬಾರಿನಿಂದಲೇ ಶೃಂಗೇರಿಯ ಪತ್ರವೂ ಹೊರಟಿತು, ಹುಳು ಸಾಕುವ ಪತ್ರವೂ ಹೊರಟಿತು. ಮೂರನ್ನೂ ಒಟ್ಟಿಗಿಟ್ಟು ಓದುವ ಧೈರ್ಯ ಬೇಕು.

ಈ ಮನೆತನದ ಮೂರು ತಲೆಮಾರನ್ನು ನೋಡಿ. ಹೈದರಲಿಗೆ ಓದುಬರಹ ಬರುತ್ತಿರಲಿಲ್ಲ. ಮಗ ಬರೆಯುವುದನ್ನು ನಿಲ್ಲಿಸಲೇ ಇಲ್ಲ. ಮೊಮ್ಮಕ್ಕಳನ್ನು ವೆಲ್ಲೂರಿಗೆ, 1806ರ ಸಿಪಾಯಿ ದಂಗೆಯ ನಂತರ ಕಲ್ಕತ್ತಕ್ಕೆ ಸಾಗಿಸಲಾಯಿತು. ಅವರಲ್ಲಿ ಗುಲಾಂ ಮುಹಮ್ಮದ್ 1855ರಲ್ಲಿ ಅಜ್ಜನ ಮತ್ತು ಅಪ್ಪನ ಚರಿತ್ರೆಯೊಂದನ್ನು ಲಂಡನ್ನಿನಲ್ಲಿ ಹೊರತಂದರು. ಅದು ಅವರು ಬರೆದ ಪುಸ್ತಕವಲ್ಲ. ಒಬ್ಬ ಫ್ರೆಂಚ್ ಸೇನಾಧಿಕಾರಿ ಹೈದರ್ ಬಗ್ಗೆ ಬರೆದಿದ್ದ ಹಳೆಯ ಪುಸ್ತಕದ ಇಂಗ್ಲಿಷ್ ರೂಪವನ್ನು ಅವರು ತಿದ್ದಿಕೊಟ್ಟದ್ದು. ಮುಖಪುಟದಲ್ಲಿ ಅವರ ಪರಿಚಯ: ಟಿಪ್ಪು ಸುಲ್ತಾನರ ಮಕ್ಕಳಲ್ಲಿ ಬದುಕುಳಿದಿರುವ ಒಬ್ಬರೇ ಒಬ್ಬರು.