ಒಂದು ಬಗೆಯ ಹೂವು

ನಮ್ಮ ಪ್ರಾಚೀನ ಕಾವ್ಯಗಳ ಪಠ್ಯ ಆವೃತ್ತಿಗಳ ಕೊನೆಯಲ್ಲಿ ಶಬ್ದಾರ್ಥಗಳ ಪಟ್ಟಿಯೊಂದಿರುತ್ತದೆ. ಅದರಲ್ಲಿ ‘ಪಾದರಿ’ಯನ್ನು ಹುಡುಕಿದರೆ ‘ಒಂದು ಬಗೆಯ ಮರ’ ಎಂದಿರುತ್ತದೆ. ‘ಸುರಗಿ’ಯನ್ನು ಹುಡುಕಿದರೆ ‘ಒಂದು ಬಗೆಯ ಹೂವು’. ವಿದ್ಯಾರ್ಥಿ ಪರೀಕ್ಷೆಯಲ್ಲಿ ಅದನ್ನೇ ಬರೆಯುತ್ತಾನೆ, ಪರೀಕ್ಷಕರು ಅಂಕವನ್ನೂ ಕೊಡುತ್ತಾರೆ. ಕವಿಯ ಉದ್ಯಾನದಲ್ಲಿ ಇಪ್ಪತ್ತು ಮರಗಳಿದ್ದರೆ ಓದುಗನ ಮನಸ್ಸಿನಲ್ಲಿ ‘ಒಂದು ಬಗೆಯ ಮರ’ವೇ ಇಪ್ಪತ್ತು ಸಾರಿ ನಿಂತಿರುತ್ತದೆ. ಇದರಲ್ಲಿ ಕವಿಗಳೂ ಪೂರ್ಣ ನಿರಪರಾಧಿಗಳೆಂದು ಹೇಳಲಾಗದು. ಅಷ್ಟಾದಶ ವರ್ಣನೆಗಳ ಲೆಕ್ಕ ಒಪ್ಪಿಸುವ ಅವಸರದಲ್ಲಿ ಘಟ್ಟದ ಮರವನ್ನೂ ಬಯಲುಸೀಮೆಯ ಮರವನ್ನೂ ಒಂದೇ ತೋಪಿನಲ್ಲಿ ನೆಟ್ಟು, ಎಲ್ಲವನ್ನೂ ಒಂದೇ ದಿನ ಅರಳಿಸಿದವರು ಅವರಲ್ಲಿ ಹಲವರು. ಬನವಾಸಿಯನ್ನು ಕಣ್ಣಾರೆ ಕಂಡು ಬರೆದ ಪಂಪನಂಥವನ ಮಾತು ಬೇರೆ.

ಈಚಿನ ವರ್ಷಗಳಲ್ಲಿ ನಮ್ಮ ನಗರಗಳಲ್ಲಿ ಹೊಸ ಹವ್ಯಾಸವೊಂದು ಬೆಳೆದಿದೆ. ರಜೆಯಲ್ಲಿ ಆಗುಂಬೆಗೋ ಕುದುರೆಮುಖಕ್ಕೋ ಹೋದವರು, ಅಷ್ಟು ದೂರವೇಕೆ, ಲಾಲ್‌ಬಾಗಿಗೆ ಬೆಳಗಿನ ತಿರುಗಾಟಕ್ಕೆಂದು ಬಂದವರು ಕೂಡ, ಕಂಡ ಗಿಡ, ಅಣಬೆ, ಹುಳು, ಹಲ್ಲಿಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ‘ಇದೇನು?’ ಎಂದು ಕೇಳುತ್ತಾರೆ. ಕೇಳುವುದು ಪಕ್ಕದವರನ್ನಲ್ಲ, ಮೊಬೈಲನ್ನೇ. 2008ರಲ್ಲಿ ಅಮೆರಿಕದಲ್ಲಿ ಆರಂಭವಾದ ಐನ್ಯಾಚುರಲಿಸ್ಟ್‌ನಂಥ ವ್ಯವಸ್ಥೆಗಳು ಇಂದು ಚಿತ್ರವನ್ನು ನೋಡಿ ಹೆಸರನ್ನು ಸೂಚಿಸುತ್ತವೆ. ಬಲ್ಲವರು ಅದನ್ನು ಒಪ್ಪುತ್ತಾರೆ, ಇಲ್ಲವೆ ತಿದ್ದುತ್ತಾರೆ. ಇದನ್ನು ಹಗುರವಾಗಿ ಕಾಣುವುದು ಸಲ್ಲದು. ‘ಒಂದು ಬಗೆಯ ಮರ’ದಲ್ಲಿ ತೃಪ್ತನಾದ ಪಂಡಿತನಿಗಿಂತ, ಬೇಲಿಯ ಬಳಿ ಮಂಡಿಯೂರಿ ಕಳೆಯ ಹೂವಿಗೆ ಕ್ಯಾಮೆರಾ ಹಿಡಿದ ಹುಡುಗಿಯೇ ಮೇಲು.

ಆದರೆ ಅವಳಿಗೆ ಸಿಕ್ಕುವುದೇನು? ಹೆಸರು. ಕನ್ನಡದಲ್ಲಿ ಹೆಸರು ಬೇರೆ, ಗುರುತು ಬೇರೆ. ಗುರುತು ಎಂದರೆ ಚಿಹ್ನೆ. ಗುರುತು ಎಂದರೆ ಪರಿಚಯವೂ ಹೌದು. ‘ಅವರ ಹೆಸರು ಕೇಳಿದ್ದೇನೆ, ಗುರುತಿಲ್ಲ’ ಎನ್ನುತ್ತೇವಲ್ಲವೆ? ಚಿತ್ರ ತೆಗೆದು ಹೆಸರು ಪಡೆಯುವ ಈ ಹವ್ಯಾಸವೂ, ಅದರ ಬೆನ್ನಿಗೇ ಬಂದಿರುವ ಬಣ್ಣದ ಚಿತ್ರಪುಸ್ತಕಗಳೂ ಹೆಸರಿನಲ್ಲಿಯೇ ನಿಂತುಬಿಡುತ್ತವೆ ಎಂಬುದು ನನ್ನ ಆಕ್ಷೇಪ. ಗುರುತು ಹಿಡಿಸುವುದು ಮಾತಿನ ಕೆಲಸ. ಆ ಕೆಲಸವನ್ನು ಕನ್ನಡ ಗದ್ಯ ಒಮ್ಮೆ ಚೆನ್ನಾಗಿ ಮಾಡಿ ತೋರಿಸಿದೆ; ಈಗ ಅದನ್ನು ಮರೆಯುತ್ತಿದೆ.

ಸುರಗಿಯನ್ನೇ ತೆಗೆದುಕೊಳ್ಳೋಣ. ಯು. ಆರ್. ಅನಂತಮೂರ್ತಿಯವರು 2012ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನಕ್ಕೆ ‘ಸುರಗಿ’ ಎಂದು ಹೆಸರಿಟ್ಟರು. ಕರಾವಳಿಯವರಿಗೂ ಮಲೆನಾಡಿನವರಿಗೂ ಆ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ: ಅದು ಒಣಗಿದ ಮೇಲೂ ಪರಿಮಳ ಬಿಡದ ಹೂವು. ಬೆಂಗಳೂರಿನ ಓದುಗನಿಗೆ ಇದು ತಿಳಿಯದಿದ್ದರೆ ಶೀರ್ಷಿಕೆಯ ಮುಕ್ಕಾಲು ಪಾಲು ಅವನಿಗೆ ಸಿಕ್ಕಲಿಲ್ಲವೆಂದೇ ಅರ್ಥ. ಈಗ ಅವನು ಸುರಗಿಯ ಚಿತ್ರವನ್ನು ನೋಡುತ್ತಾನೆ. ಬಿಳಿಯ ಎಸಳು, ನಡುವೆ ಹಳದಿ ಕೇಸರಗಳ ಕುಚ್ಚು. ಆದರೆ ನಾಗಸಂಪಿಗೆಯದೂ ಬಿಳಿಯ ಎಸಳು, ಹಳದಿ ಕುಚ್ಚು. ಎಣ್ಣೆ ತೆಗೆಯುವ ಹೊನ್ನೆಯ ಹೂವೂ ಹಾಗೆಯೇ. ಮೂರೂ ಒಂದೇ ಕುಟುಂಬದವು. ದಾಯಾದಿಗಳ ಮುಖ ಒಂದೇ ಅಚ್ಚಿನದಾಗಿರುವುದು ಸಹಜ. ಸುರಗಿಯ ಹೂವು ಬೆರಳುಗುರಿನಷ್ಟು, ನಾಗಸಂಪಿಗೆಯದು ಅಂಗೈ ತುಂಬುವಷ್ಟು. ಚಿತ್ರದಲ್ಲಿ ಎರಡೂ ಒಂದೇ ಗಾತ್ರವಾಗಿ ಪುಟ ತುಂಬುತ್ತವೆ. ಹೊನ್ನೆಯ ಎಲೆಯಲ್ಲಿ ನಡುನರದಿಂದ ಅಂಚಿನವರೆಗೆ ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ಗೆರೆಗಳಿವೆ. ನಾಗಸಂಪಿಗೆಯ ಎಲೆ ಕಿರಿದು, ಅಡಿಭಾಗ ಬೂದಿ ಬಳಿದಂತೆ ಬಿಳುಪು, ಚಿಗುರು ಕೆಂಪು. ಸುರಗಿಯ ಎಲೆ ದಪ್ಪ, ಬಿರುಸು, ನರಗಳು ಬಲೆಯಂತೆ. ಸುರಗಿಯ ಹೂವು ಎಲೆಗಳ ನಡುವೆ ಅರಳದೆ, ಎಲೆ ಉದುರಿದ ಹಳೆಯ ಕೊಂಬೆಯ ಮೇಲೆ ಗೊಂಚಲು ಗೊಂಚಲಾಗಿ ಮೆತ್ತಿಕೊಳ್ಳುತ್ತದೆ. ಈ ನಾಲ್ಕು ಮಾತು ತಿಳಿದವನು ಮೂರನ್ನೂ ಎಂದಿಗೂ ಅದಲುಬದಲು ಮಾಡಲಾರ. ಗಂಧಿಗೆ ಅಂಗಡಿಯಲ್ಲಿ ಈ ವ್ಯತ್ಯಾಸಕ್ಕೆ ಬೆಲೆಯೂ ಉಂಟು: ನಾಗಸಂಪಿಗೆಯ ಕೇಸರವನ್ನು ನಾಗಕೇಸರವೆಂದು ಮಾರುತ್ತಾರೆ, ಸುರಗಿಯ ಒಣಮೊಗ್ಗನ್ನೂ ಅದೇ ಹೆಸರಿನಲ್ಲಿ ಮಾರುವುದುಂಟು. ಇನ್ನು ‘ಹೊನ್ನೆ’ ಎಂಬ ಹೆಸರೋ, ಎಣ್ಣೆಯ ಮರಕ್ಕೂ ಸಲ್ಲುತ್ತದೆ, ಗಾಯ ಮಾಡಿದರೆ ರಕ್ತದಂಥ ಅಂಟು ಸುರಿಸುವ ನಾಟಾ ಮರಕ್ಕೂ ಸಲ್ಲುತ್ತದೆ. ಹೆಸರನ್ನು ಮಾತ್ರ ನೆಚ್ಚಿದವನ ಪಾಡು ಹೀಗೆ.

ಫೋಟೊ ಸುಳ್ಳು ಹೇಳುವುದಿಲ್ಲ ಎಂಬ ಮಾತಿದೆ. ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಕೇಳಿದ್ದಕ್ಕಷ್ಟೇ ಉತ್ತರ ಹೇಳುವ ಸಾಕ್ಷಿ ಅದು. ನಮ್ಮ ಹವ್ಯಾಸಿಗಳಲ್ಲಿ ಬಹುಮಂದಿ ತೆಗೆಯುವುದು ಹೂವಿನ ಮುಖವನ್ನು. ಸುತ್ತಲಿನದೆಲ್ಲ ಮಸುಕಾಗಿ ಕರಗಿ, ಹೂವೊಂದೇ ದೇವತೆಯಂತೆ ತೇಲಬೇಕು. ಪ್ರದರ್ಶನದ ಗೋಡೆಗೆ ಇದು ಒಪ್ಪುತ್ತದೆ. ಗುರುತಿಗೆ ಬೇಕಾದುದು ಆ ಮಸುಕಿನಲ್ಲಿ ಕಳೆದುಹೋದದ್ದೇ: ಎಲೆಗಳು ಎದುರುಬದುರಾಗಿವೆಯೆ, ಒಂದು ಬಿಟ್ಟು ಒಂದಿವೆಯೆ? ತೊಟ್ಟಿನ ಬುಡದಲ್ಲಿ ಚಿಕ್ಕ ಪೊರೆಯಿದೆಯೆ? ಕಿತ್ತರೆ ಹಾಲು ಒಸರುತ್ತದೆಯೆ? ಕಾಫಿ, ಕೇಪಳ ಇವುಗಳ ಬಳಗವನ್ನು ಹೂವಿಲ್ಲದ ಕಾಲದಲ್ಲಿಯೂ ಹಿಡಿಯಬಹುದು: ಎದುರುಬದುರು ಎಲೆ, ಎರಡು ತೊಟ್ಟುಗಳ ನಡುವೆ ಕಾಂಡಕ್ಕೆ ಅಂಟಿದ ಮೊನಚು ಪೊರೆ. ಇದನ್ನು ಅಂದವಾಗಿ ತೋರಿಸಿ ಬಹುಮಾನ ಗೆದ್ದವರನ್ನು ನಾನು ಕಾಣೆ. ಹುಳುಗಳ ವಿಷಯದಲ್ಲಿಯೂ ಇದೇ. ಮಾವಿನ ಮರದ ಚಿಗಳಿ ಇರುವೆಯ ವೇಷ ಹಾಕುವ ಜೇಡವೊಂದಿದೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ಅದು ಇರುವೆಯೇ. ಮುಂದಿನ ಎರಡು ಕಾಲುಗಳನ್ನು ಮೀಸೆಯಂತೆ ಎತ್ತಿ ಆಡಿಸುತ್ತದೆ. ಕಾಲುಗಳನ್ನು ಎಣಿಸಿದವನಿಗೆ ಮಾತ್ರ ನಾಟಕ ತಿಳಿಯುತ್ತದೆ.

ಇದೆಲ್ಲ ಪಂಡಿತರ ಜಗಳ, ನಮಗೇಕೆ ಎನ್ನುವವರು ಅಣಬೆಯ ಹತ್ತಿರ ಬರಲಿ. ಮಳೆ ಬಿದ್ದ ಎರಡು ಮೂರು ದಿನಕ್ಕೆ ಹುಲ್ಲುಹಾಸಿನ ಮೇಲೆ ದೊಡ್ಡ ಬಿಳಿಯ ಕೊಡೆಗಳು ಏಳುತ್ತವೆ, ನೆತ್ತಿಯ ಮೇಲೆ ಕಂದು ಹೊಪ್ಪಳೆ. ಹುತ್ತದಿಂದ ಏಳುವ ಅಣಬೆ ನಮ್ಮ ಮಲೆನಾಡಿನ ಅಡಿಗೆಮನೆಗಳಲ್ಲಿ ಹಬ್ಬದ ಪದಾರ್ಥ. ಹುಲ್ಲುಹಾಸಿನ ಈ ಕೊಡೆಯೋ, ತಿಂದವರನ್ನು ವಾಂತಿಭೇದಿಯಲ್ಲಿ ಕೆಡಹುವ ವಿಷ. ಎಳೆಯದರಲ್ಲಿ ಎರಡರ ಕಿವಿರುಗಳೂ ಬಿಳಿ. ಮೇಲಿನಿಂದ ತೆಗೆದ ಚಿತ್ರ ಇಲ್ಲಿ ಏನನ್ನು ತಾನೆ ಹೇಳೀತು? ಟೊಪ್ಪಿಯನ್ನು ಕಿತ್ತು, ಕಿವಿರು ಕೆಳಗಾಗಿ ಒಂದು ರಾತ್ರಿ ಬಿಳಿಯ ಕಾಗದದ ಮೇಲಿಡಬೇಕು. ಬೆಳಿಗ್ಗೆ ಉದುರಿದ ಬೀಜಕದ ಪುಡಿ ಹಸುರು ಛಾಯೆಯದಾಗಿದ್ದರೆ ಅದು ವಿಷದ್ದು. ಹುತ್ತದ ಅಣಬೆಯ ಪುಡಿ ನಸುಗೆಂಪು. ಅದರ ಕಾಲನ್ನು ಅಗೆದರೆ ಬೇರಿನಂತೆ ನೀಳವಾಗಿ ಇಳಿದು ಗೆದ್ದಲಿನ ಗೂಡನ್ನು ಮುಟ್ಟುತ್ತದೆ. ಕಿತ್ತು ತಂದ ಅಣಬೆಯ ಚಿತ್ರದಲ್ಲಿ ಆ ಸಾಕ್ಷ್ಯವೂ ಮಣ್ಣಿನಲ್ಲಿಯೇ ಉಳಿದಿರುತ್ತದೆ. ಈ ಎರಡು ಲಕ್ಷಣಗಳಿಂದಲೇ ಅಡಿಗೆಗೆ ಧೈರ್ಯ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಅದಕ್ಕೆ ಊರಿನ ಅನುಭವಿಗಳ ಕಣ್ಣೇ ಬೇಕು. ಮೊಬೈಲು ಸೂಚಿಸಿದ ಹೆಸರನ್ನು ನಂಬಿ ಒಲೆ ಹಚ್ಚುವವರಿಗೆ ಮಾತ್ರ ಈ ಮಾತು.

ಇಷ್ಟು ಹೇಳಿದ ಮೇಲೆ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ನೆನಪಾಗದಿರದು. 1976ರಲ್ಲಿ ಪ್ರಕಟವಾಗಿ, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಈ ಪುಸ್ತಕವನ್ನು ನಾವು ಬಹುಮಟ್ಟಿಗೆ ಹಾಸ್ಯಕ್ಕಾಗಿ ಹೊಗಳುತ್ತ ಬಂದಿದ್ದೇವೆ. ಡಿ. ವಿ. ಗುಂಡಪ್ಪನವರ ಮಗ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕ, ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ಪಶ್ಚಿಮ ಘಟ್ಟಗಳಲ್ಲಿ ಅಲೆಯುವ ಕಥೆ. ತಮಾಷೆ, ತುಂಟತನ, ಗುರುಶಿಷ್ಯರ ಸರಸ. ಹಾಸ್ಯವೇನೋ ಇದೆ. ಕೆಲವು ಕಡೆ ಅದು ಸ್ವಲ್ಪ ಹೆಚ್ಚೇ ಆಯಿತೆಂದೂ ಹೇಳಬೇಕು: ಶಿಷ್ಯರ ಕೀಟಲೆಯ ಮಾತು ಬೆಳೆದು ಗಿಡ ಪಕ್ಕಕ್ಕೆ ಸರಿದು ಕಾಯುತ್ತ ನಿಲ್ಲುವ ಪ್ರಸಂಗಗಳುಂಟು. ಆದರೆ ಪುಸ್ತಕದ ಜೀವಾಳ ಬೇರೆ ಇದೆ. ಅಲ್ಲಿ ಹೆಸರು ಮೊದಲು ಬರುವುದಕ್ಕಿಂತ ಗಿಡವೇ ಮೊದಲು ಬರುವುದು ಹೆಚ್ಚು. ಯಾರೋ ಕಾಣುತ್ತಾರೆ, ಯಾರೋ ಮುಟ್ಟುತ್ತಾರೆ, ಮೂಸುತ್ತಾರೆ, ಮೇಷ್ಟರನ್ನು ಕೇಳುತ್ತಾರೆ; ಅಷ್ಟು ಹೊತ್ತಿಗೆ ಓದುಗನೂ ಆ ಗಿಡದ ಸುತ್ತ ಒಂದು ಸುತ್ತು ಬಂದಿರುತ್ತಾನೆ. ಆಮೇಲೆ ಹೆಸರು, ಹೆಸರಿನ ಹಿಂದಿನ ಕಥೆ, ಅದರ ಉಪಯೋಗ. ಕ್ರಮವೇ ಇಲ್ಲಿ ವಿಮರ್ಶೆಗೆ ಯೋಗ್ಯವಾದದ್ದು. ಮೊಬೈಲಿನಲ್ಲಿ ಈ ಕ್ರಮ ತಲೆಕೆಳಗಾಗಿದೆ: ಹೆಸರು ಮೊದಲು ಬಂದು ನೋಟವನ್ನು ಮುಗಿಸಿಬಿಡುತ್ತದೆ.

ಆ ಪುಸ್ತಕದ ಚಿತ್ರಗಳೂ ಸ್ವಾಮಿಯವರ ಕೈಯವೇ. ಕಪ್ಪು ಮಸಿಯ ಗೆರೆಗಳು. ಫೋಟೊ ಇರಲಿಲ್ಲವೆಂದು ಬರೆದದ್ದಲ್ಲ. ಗೆರೆಯಲ್ಲಿ ಮೊಗ್ಗು, ಹೂವು, ಕಾಯಿ ಮೂರನ್ನೂ ಒಂದೇ ಕೊಂಬೆಯ ಪಕ್ಕದಲ್ಲಿ ಇಡಬಹುದು, ಬೇಡದ ಎಲೆಯನ್ನು ಬಿಡಬಹುದು, ಬೇಕಾದ ನರವನ್ನು ಒತ್ತಿ ತೋರಿಸಬಹುದು. ಯಾವ ನರ ಬೇಕಾದದ್ದು ಎಂಬ ನಿರ್ಧಾರದಲ್ಲಿಯೇ ಗುರುತು ಇದೆ. ಬಣ್ಣವಿಲ್ಲದ್ದರಿಂದ ಬಣ್ಣದ ಹೊರೆ ಗದ್ಯದ ಮೇಲೆ ಬಿದ್ದಿತು; ಗದ್ಯಕ್ಕೆ ಅದರಿಂದ ಲಾಭವೇ ಆಯಿತು. ಹೆಸರನ್ನು ಸ್ವಾಮಿಯವರು ಕೀಳಾಗಿ ಕಂಡವರಲ್ಲ, ಹೆಸರಿಡುವ ಅಧಿಕಾರವಿದ್ದವರು. ತಾವು ವರ್ಣಿಸಿದ ಸಸ್ಯವೊಂದಕ್ಕೆ ಹಾರ್ವರ್ಡಿನಲ್ಲಿ ತಮಗೆ ಮಾರ್ಗದರ್ಶಕರಾಗಿದ್ದ ಇರ್ವಿಂಗ್ ಬೈಲಿಯವರ ಹೆಸರನ್ನು ಕೂಡಿಸಿದರು. ಅಂಥ ಹೆಸರು ವರ್ಷಗಳ ನೋಟಕ್ಕೆ ಹಾಕಿದ ಮುದ್ರೆ.

ಪೂರ್ಣಚಂದ್ರ ತೇಜಸ್ವಿಯವರು ಕ್ಯಾಮೆರಾವನ್ನು ಬಲ್ಲವರು. ಹಕ್ಕಿಗಳ ಚಿತ್ರಕ್ಕಾಗಿ ಮೂಡಿಗೆರೆಯ ಸುತ್ತ ವರ್ಷಗಟ್ಟಲೆ ಕಾದವರು. ಆದರೂ 1980ರ ‘ಕರ್ವಾಲೊ’ದಲ್ಲಿ ಅವರು ಗುರುತಿನ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಲಿಲ್ಲ. ಹಾರುವ ಓತಿಯನ್ನು ಮೊದಲು ಕಂಡವನು ಮಂದಣ್ಣ. ಅವನ ಮಾತಿನ ಬೆಲೆಯನ್ನು ಅರಿತವರು ಕರ್ವಾಲೊ. ಒಬ್ಬನಿಗೆ ಕಣ್ಣು, ಒಬ್ಬರಿಗೆ ಶಾಸ್ತ್ರ. ಇಬ್ಬರೂ ಸೇರದೆ ಅಲ್ಲಿ ಗುರುತಿಲ್ಲ. ಕಾದಂಬರಿಯಲ್ಲಿ ಆ ಜೀವಿ ಯುಗಗಳ ಹಿಂದಿನ ರಹಸ್ಯವೆಂಬಂತೆ ಬರುತ್ತದೆ. ಈ ಮಾತು ಕಲೆಯ ಸ್ವಾತಂತ್ರ್ಯಕ್ಕೆ ಸೇರಿದ್ದು; ಘಟ್ಟದ ಹಾರುವ ಓತಿ 1837ರಲ್ಲಿಯೇ ಶಾಸ್ತ್ರದ ದಾಖಲೆಗೆ ಸೇರಿದೆ, ಅಡಿಕೆ ತೋಟಗಳಲ್ಲಿ ಇಂದಿಗೂ ಇದೆ. ಹಾಗಿದ್ದೂ ತೋಟದ ಒಡೆಯರಲ್ಲಿ ಅದನ್ನು ಕಾಣದೆ ಮುದುಕರಾದವರಿದ್ದಾರೆ. ಮರಕ್ಕೆ ಅಂಟಿ ಕುಳಿತಾಗ ಅದು ತೊಗಟೆಯೇ. ಗಂಡು ಗಂಟಲಿನ ಹಳದಿ ಚೀಲವನ್ನು ಒಮ್ಮೆ ಚಾಚಿ ಒಳಗೆಳೆದುಕೊಂಡಾಗ, ಇಲ್ಲವೆ ಪಕ್ಕೆಲುಬಿನ ಪೊರೆ ಬಿಚ್ಚಿ ಮರದಿಂದ ಮರಕ್ಕೆ ತೇಲಿದಾಗ ಮಾತ್ರ ಅದು ಓತಿ. ಚಲನೆಯೇ ಅದರ ಗುರುತು. ನಿಂತ ಚಿತ್ರದಲ್ಲಿ ಅದು ಬರುವುದು ಕಷ್ಟ. ಕೊನೆಗೆ ಅದು ಯಾರ ಕೈಗೂ ಸಿಕ್ಕದೆ ಕಣಿವೆಯ ಮೇಲೆ ತೇಲಿಹೋಗುತ್ತದೆ. ಓದಿದವರ ಕಣ್ಣಿನಿಂದ ಮಾತ್ರ ಹೋಗುವುದಿಲ್ಲ.

ಇನ್ನು ಇಂದಿನ ಚಿತ್ರಪುಟಗಳ ಕನ್ನಡದ ವಿಷಯ. ಚಿತ್ರದ ಕೆಳಗೆ ಲ್ಯಾಟಿನ್ ಹೆಸರಿರುತ್ತದೆ, ಅದು ಇರಲೇಬೇಕು. ಮೇಲೆ ಹೇಳಿದ ಹೊನ್ನೆಯ ಗೊಂದಲ ಪರಿಹಾರವಾಗುವುದು ಅದರಿಂದಲೇ. ಅದರ ಪಕ್ಕದಲ್ಲಿ ಕನ್ನಡ ಹೆಸರಿನ ಜಾಗ ಒಂದೋ ಖಾಲಿ, ಇಲ್ಲವೆ ಇಂಗ್ಲಿಷಿನಿಂದ ಪದಕ್ಕೆ ಪದ ಇಳಿಸಿದ್ದು. ಮುತ್ತುಗವನ್ನು ‘ಕಾಡಿನ ಜ್ವಾಲೆ’ ಎಂದು ಬರೆಯುವವರಿದ್ದಾರೆ. ಅವರಿಗೆ ಇಂಗ್ಲಿಷ್ ಹೆಸರು ಸಿಕ್ಕಿತು. ಅಜ್ಜಿ ಹಚ್ಚುತ್ತಿದ್ದ ಊಟದ ಎಲೆ ನೆನಪಾಗಲಿಲ್ಲ. ನಾಗಲಿಂಗದ ಹೂವಿಗೆ ಶಿವಾಲಯದ ಮಹಿಮೆಯನ್ನು ಬರೆಯುತ್ತಾರೆ. ಆ ಮರದ ಮೂಲ ದಕ್ಷಿಣ ಅಮೆರಿಕವೆಂಬುದನ್ನು ಬರೆಯುವುದಿಲ್ಲ. ಬರೆದರೆ ಭಕ್ತಿಗೇನೂ ಕುಂದಿಲ್ಲ. ಅಷ್ಟು ದೂರದಿಂದ ಬಂದ ಹೂವಿನಲ್ಲಿ ಹೆಡೆಯನ್ನೂ ಲಿಂಗವನ್ನೂ ಕಂಡ ನಮ್ಮವರ ಕಲ್ಪನೆ ಇನ್ನೂ ದೊಡ್ಡದೆನಿಸುತ್ತದೆ. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಎಂದು ಪುಸ್ತಕಕ್ಕೇ ಹೆಸರಿಟ್ಟ ಸ್ವಾಮಿಯವರು ಇಂಥದನ್ನು ಬಿಡುತ್ತಿರಲಿಲ್ಲ.

ಮುತ್ತುಗದ ಚಿತ್ರದಡಿ ಏನು ಬರೆಯಬಹುದಿತ್ತು? ಒಂದು ತೊಟ್ಟಿಗೆ ಮೂರೆಲೆ, ನಡುವಿನದು ದೊಡ್ಡದು. ಎಲೆ ಹಚ್ಚುವುದು ಇದರಲ್ಲಿಯೇ. ಮಾಘ ಕಳೆಯುವ ಹೊತ್ತಿಗೆ ಎಲೆಯೆಲ್ಲ ಉದುರಿ ಬರಿಯ ಕೊಂಬೆಯ ಮೇಲೆ ಹೂವು. ಮೊಗ್ಗು ಗಿಣಿಯ ಕೊಕ್ಕು, ತೊಟ್ಟಿನ ಕಡೆಯ ಬಟ್ಟಲು ಮಖಮಲ್ಲಿನಂಥ ಕಪ್ಪು. ಕ್ಯಾಮೆರಾದ ಹೆಸರೂ ಮಸೂರದ ಅಳತೆಯೂ ಅಚ್ಚಾಗುವ ಜಾಗದಲ್ಲಿ ಇಷ್ಟು ಹಿಡಿಸುತ್ತದೆ.